ಮೂರು ಪ್ರಶಸ್ತಿ ಹೋಗಿ ಒಂದು ಉಳಿಯಿತು

ಆಗಸ್ಟ್ 3, 2025, ಭಾನುವಾರ
ತೀರ್ಥಹಳ್ಳಿ

ಪುಷ್ಯ ಮಳೆ ಮುಗಿದು ಆಶ್ಲೇಷಾ ಮಳೆ ಹಿಡಿಯುವ ಹೊತ್ತು. ಹೊರಗೆ ಚಿತ್ರೀಕರಣ ನಡೆಯುವ ಮಾತಿಲ್ಲ, ಹಾಗಾಗಿ ಸಿನಿಮಾದ ಧ್ವನಿಗೆ ಕೊಡುವ ಪ್ರಶಸ್ತಿಯ ಲೆಕ್ಕ ನೋಡೋಣ.

ಮೊನ್ನೆ ಶುಕ್ರವಾರ 71ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ಘೋಷಣೆಯಾಯಿತು. ಧ್ವನಿ ವಿನ್ಯಾಸದ ಪ್ರಶಸ್ತಿ ಹಿಂದಿಯ ‘ಅನಿಮಲ್’ಗೆ ಕೆಲಸ ಮಾಡಿದ ಸಚಿನ್ ಸುಧಾಕರನ್ ಮತ್ತು ಹರಿಹರನ್ ಮುರಳೀಧರನ್ ಅವರಿಗೆ. ಅದೇ ಚಿತ್ರದ ಫೈನಲ್ ಮಿಕ್ಸಿಂಗ್ (ಮಾತು, ಸಂಗೀತ, ಸದ್ದುಗಳನ್ನೆಲ್ಲ ಕೊನೆಯಲ್ಲಿ ಹದವಾಗಿ ಬೆರೆಸುವ ಕೆಲಸ) ಮಾಡಿದ ಎಂ.ಆರ್. ರಾಜಾಕೃಷ್ಣನ್ ಅವರಿಗೆ ವಿಶೇಷ ಉಲ್ಲೇಖ. ಮಿಕ್ಸಿಂಗ್‌ಗೆ ಬೇರೆ ಪ್ರಶಸ್ತಿ ಇದ್ದಿದ್ದರೆ ಹೀಗೆ ಪಕ್ಕದ ಬಾಗಿಲಿನಿಂದ ಕರೆಯಬೇಕಿರಲಿಲ್ಲ. 57ನೇ ಪ್ರಶಸ್ತಿಯಿಂದ, ಅಂದರೆ 2009ರ ಚಿತ್ರಗಳಿಂದ, ಧ್ವನಿಗೆ ಮೂರು ಪ್ರಶಸ್ತಿಗಳಿದ್ದವು: ಲೊಕೇಶನ್‌ನಲ್ಲಿ ರೆಕಾರ್ಡ್ ಮಾಡಿದವರಿಗೆ ಒಂದು, ಧ್ವನಿ ವಿನ್ಯಾಸಕರಿಗೆ ಒಂದು, ಫೈನಲ್ ಮಿಕ್ಸಿಂಗ್‌ಗೆ ಒಂದು. 70ನೇ ಪ್ರಶಸ್ತಿಯಿಂದ ಉಳಿದದ್ದು ವಿನ್ಯಾಸ ಒಂದೇ.

ಆಸ್ಕರ್‌ನವರೂ ಒಟ್ಟುಗೂಡಿಸಿದರು. ಸೌಂಡ್ ಎಡಿಟಿಂಗ್, ಸೌಂಡ್ ಮಿಕ್ಸಿಂಗ್ ಎಂದಿದ್ದ ಎರಡನ್ನು 2021ರಿಂದ ಒಂದೇ ಮಾಡಿದರು. ಆದರೆ ಒಂದು ಚಿತ್ರಕ್ಕೆ ಆರು ಜನರವರೆಗೆ ಹೆಸರು ಸೇರಿಸಲು ಅವಕಾಶ ಇಟ್ಟರು. ಆ ವರ್ಷ ಗೆದ್ದ ‘ಸೌಂಡ್ ಆಫ್ ಮೆಟಲ್’ನ ಐವರಲ್ಲಿ ಸೆಟ್‌ನಲ್ಲಿ ರೆಕಾರ್ಡ್ ಮಾಡಿದ ಫಿಲಿಪ್ ಬ್ಲಾಡ್ ಕೂಡ ಇದ್ದರು. 2009ರಲ್ಲಿ ‘ಸ್ಲಮ್‌ಡಾಗ್ ಮಿಲಿಯನೇರ್’ ಚಿತ್ರಕ್ಕೆ ರಸೂಲ್ ಪೂಕುಟ್ಟಿ ಆಸ್ಕರ್ ಪಡೆದದ್ದೂ ಮಿಕ್ಸಿಂಗ್ ವಿಭಾಗದಲ್ಲೇ, ಇಯಾನ್ ಟ್ಯಾಪ್ ಮತ್ತು ರಿಚರ್ಡ್ ಪ್ರೈಕ್ ಜೊತೆಗೆ. ಪೂಕುಟ್ಟಿ ಮಾಡಿದ್ದು ಮುಂಬೈ ಗದ್ದಲದೊಳಗಿನ ಲೊಕೇಶನ್ ರೆಕಾರ್ಡಿಂಗ್. ನಮ್ಮಲ್ಲಿ ಕೈಬಿಟ್ಟದ್ದು ಅದನ್ನೇ.

ಕೈಬಿಡಲು ನೆಪ ಸಿಗುವಂತೆ ಒಂದು ಗೊಂದಲವೂ ಆಗಿತ್ತು ಅನ್ನಿ. 2022ರಲ್ಲಿ ಕನ್ನಡದ ‘ಡೊಳ್ಳು’ ಚಿತ್ರಕ್ಕೆ ಲೊಕೇಶನ್ ಸೌಂಡ್ ಪ್ರಶಸ್ತಿ ಬಂತು. ಅದು ಸಿಂಕ್ ಸೌಂಡ್ (ಚಿತ್ರೀಕರಣದ ವೇಳೆಯಲ್ಲೇ ಮಾತು ರೆಕಾರ್ಡ್ ಮಾಡಿದ) ಚಿತ್ರವೇ ಅಲ್ಲ, ಡಬ್ ಮಾಡಿದ್ದು ಎಂದು ಅದರ ಧ್ವನಿ ವಿನ್ಯಾಸಕರೇ ಬಹಿರಂಗವಾಗಿ ಹೇಳಿದರು. ತಪ್ಪಿದ್ದು ಕೇಳಿಸಿಕೊಂಡ ತೀರ್ಪುಗಾರರ ಕಿವಿ. ಅದಕ್ಕೆ ವಿಭಾಗವನ್ನೇ ತೆಗೆಯುವುದು ಮದ್ದಲ್ಲ.

ಡಬ್ಬಿಂಗ್ ಗುರುತಿಸುವುದು ಬ್ರಹ್ಮವಿದ್ಯೆಯೇನಲ್ಲ. ನಟ ಮಾತಿನ ನಡುವೆ ಮುಖ ತಿರುಗಿಸಿದಾಗ ‘ಸ’, ‘ಶ’, ‘ಚ’ಗಳ ಮೊನಚು ಕಡಿಮೆಯಾಗಬೇಕು. ಡಬ್ಬಿಂಗ್‌ನಲ್ಲಿ ಬಾಯಿ ಸದಾ ಮೈಕ್‌ಗೆ ನೇರ, ಹಾಗಾಗಿ ಆಗುವುದಿಲ್ಲ. ಅಂಗಳದ ಆ ತುದಿಯಲ್ಲಿದ್ದವನ ದನಿಯೂ ಜಗಲಿಯ ಮೇಲೆ ಕೂತವನ ದನಿಯೂ ಒಂದೇ ಅಂತರದಲ್ಲಿ ಕೇಳಿದರೆ ಅನುಮಾನ ಪಡಬೇಕು. ಮಾತಿನ ಕೆಳಗೆ ಬಳೆ, ಸೆರಗು, ಚೊಂಬು ಕೆಳಗಿಟ್ಟ ಸದ್ದು ಅದೇ ಕೋಣೆಯ ಪ್ರತಿಧ್ವನಿಯೊಂದಿಗೆ ಬರುತ್ತಿದೆಯೇ ಎಂದೂ ಕೇಳಬೇಕು. ಸ್ಟುಡಿಯೋದಲ್ಲಿ ಇಂಥ ಸದ್ದುಗಳನ್ನು ಹೊಸದಾಗಿ ಮಾಡಿ ಸೇರಿಸುವ ಫೋಲಿ ಕಲಾವಿದರು ಇದನ್ನೂ ಚೆನ್ನಾಗಿ ಕಟ್ಟಬಲ್ಲರು, ಆದ್ದರಿಂದ ಕಿವಿಯೊಂದನ್ನೇ ನಂಬದೆ ಸೆಟ್‌ನ ಮೂಲ ಟ್ರ್ಯಾಕ್ ತರಿಸಿ ಕೇಳುವುದು ಸರಿ.

ಮಲೆನಾಡಿನಲ್ಲಿ ಆ ಮೂಲ ಟ್ರ್ಯಾಕ್ ಶುದ್ಧವಾಗಿ ಸಿಗುವುದೇ ಕಷ್ಟ. ಮಳೆಗಿಂತ ದೊಡ್ಡ ತಲೆನೋವು ಜೀರುಂಡೆ. ಅದರ ಸದ್ದು ಕೂರುವುದು ಹೆಚ್ಚಾಗಿ 4ರಿಂದ 8 ಕಿಲೋಹರ್ಟ್ಸ್ ಆಸುಪಾಸು, ವ್ಯಂಜನಗಳ ಸ್ಪಷ್ಟತೆ ಇರುವುದೂ ಅಲ್ಲೇ. ಈಕ್ಯೂನಲ್ಲಿ (ಬೇಕಾದ ಆವರ್ತನವನ್ನು ಏರಿಸಿ ಇಳಿಸುವ ಸಾಧನ) ಅದನ್ನು ಕತ್ತರಿಸಿದರೆ ಮಾತು ಮಂಕಾಗುತ್ತದೆ. ಇನ್ನೊಂದು ತೊಂದರೆ, ಒಂದು ಶಾಟ್‌ನಲ್ಲಿ ಕೂಗುವ ಜೀರುಂಡೆ ಮುಂದಿನದರಲ್ಲಿ ಸುಮ್ಮನಿರುತ್ತದೆ, ಕಟ್ ಮಾಡಿದಲ್ಲೆಲ್ಲ ಎಡವಿದಂತಾಗುತ್ತದೆ. ಪ್ರತಿ ದೃಶ್ಯಕ್ಕೂ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ, ಯಾರೂ ಮಾತಾಡದೆ ಎರಡು ನಿಮಿಷ ಬರೀ ವಾತಾವರಣ ರೆಕಾರ್ಡ್ ಮಾಡಿ ಎಲ್ಲ ಶಾಟ್‌ಗಳ ಅಡಿಗೆ ಹಾಸಿದರೆ ಸರಿಹೋಗುತ್ತದೆ. ಕೋಣೆಯೊಳಗಾದರೆ ಒಂದು ನಿಮಿಷ ಸಾಕು.

ಮಳೆಗಾಲದಲ್ಲಿ ಅಂಗಳಕ್ಕೆ ತಗಡಿನ ಶೀಟ್ ಹೊದಿಸಿದ್ದರೆ ಮಾತು ಮುಳುಗಿಹೋಗುತ್ತದೆ. ಶೀಟ್ ಮೇಲೆ ಗೋಣಿಚೀಲ ಎರಡು ಪದರ ಹಾಸಿ, ಅದರ ಮೇಲೆ ಅಡಿಕೆ ಸೋಗೆ ಹರಡಿದರೆ ಹನಿ ಒಡೆದು ಇಳಿಯುತ್ತದೆ. ಗಾಳಿಗೆ ಹಾರದಂತೆ ಹಗ್ಗ ಬಿಗಿಯಬೇಕು, ಇಲ್ಲದಿದ್ದರೆ ಸೋಗೆಯದೇ ಪರಪರ ಸದ್ದು. ಬೂಮ್ (ಉದ್ದ ಕೋಲಿನ ತುದಿಯ ಮೈಕ್) ಹಿಡಿಯುವವರಿಗೆ ಪ್ಲಾಸ್ಟಿಕ್ ರೇನ್‌ಕೋಟ್ ಬೇಡವೇ ಬೇಡ. ಹನಿ ಬಿದ್ದರೆ ಟಪಟಪ, ಕೈ ಎತ್ತಿದರೆ ಚರಚರ. ಕಂಬಳಿ ಕೊಪ್ಪೆ ಹಾಕಿಕೊಂಡರೆ ಎರಡೂ ಇಲ್ಲ. ನೆನೆದರೆ ಭಾರ, ವಾಸನೆ ಬೇರೆ, ಅದನ್ನು ಸಹಿಸಿಕೊಳ್ಳಬೇಕು.

ಕಂಡೆನ್ಸರ್ ಮೈಕ್‌ಗಳು ತೇವದಲ್ಲಿ ಪಟಪಟ ಸಿಡಿಯುತ್ತವೆ. ಸೆನ್‌ಹೈಸರ್ ಕಂಪನಿಯ ಎಂಕೆಎಚ್ ಸರಣಿಯವು ಆರ್‌ಎಫ್ (ರೇಡಿಯೋ ಆವರ್ತನ) ತತ್ವದವಾದ್ದರಿಂದ ಹೆಚ್ಚು ತಾಳಿಕೊಳ್ಳುತ್ತವೆ. ಎಸಿ ಹಾಕಿದ ಕಾರಿನಿಂದ ಮೈಕ್ ತೆಗೆದು ಕೂಡಲೇ ಬಳಸಿದರೆ ಒಳಗೆ ಮಂಜು ಕಟ್ಟುತ್ತದೆ. ಪೆಟ್ಟಿಗೆಯಲ್ಲೇ ಅರ್ಧ ಗಂಟೆ ಹೊರಗಿಟ್ಟು ಆಮೇಲೆ ತೆರೆಯಬೇಕು. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇರಲಿ.

ಗದ್ದೆಯ ವೈಡ್ ಶಾಟ್‌ಗಳಲ್ಲಿ ಕ್ಲಾಪ್ (ಚಿತ್ರಕ್ಕೆ ಸದ್ದು ಹೊಂದಿಸಲು ಹೊಡೆಯುವ ಹಲಗೆ) ಮೋಸ ಮಾಡುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಮೈಕ್‌ನಿಂದ 34 ಮೀಟರ್ ದೂರದಲ್ಲಿ ಕ್ಲಾಪ್ ಹೊಡೆದರೆ ಸದ್ದು ಸೆಕೆಂಡಿನ ಹತ್ತನೇ ಒಂದು ಭಾಗ ತಡ, ಅಂದರೆ 24 ಫ್ರೇಮ್ ಲೆಕ್ಕದಲ್ಲಿ ಎರಡಕ್ಕೂ ಹೆಚ್ಚು ಫ್ರೇಮ್. ಅದನ್ನು ನಂಬಿ ಸಿಂಕ್ ಮಾಡಿದರೆ ಇಡೀ ಶಾಟ್‌ನಲ್ಲಿ ತುಟಿ ತಪ್ಪುತ್ತದೆ. ಟೈಮ್‌ಕೋಡ್ (ಕ್ಯಾಮೆರಾಕ್ಕೂ ರೆಕಾರ್ಡರ್‌ಗೂ ಒಂದೇ ಗಡಿಯಾರ) ಇಲ್ಲದವರು ಮೈಕ್ ಪಕ್ಕದಲ್ಲೇ ಕ್ಲಾಪ್ ಹೊಡೆದು ಕ್ಯಾಮೆರಾವನ್ನು ಆ ಕಡೆ ತಿರುಗಿಸಲಿ.

ಸ್ಪರ್ಧೆಗೆ ಕಳಿಸುವ ಯೋಚನೆ ಇರುವವರು ಸೆಟ್‌ನಲ್ಲಿ ರೆಕಾರ್ಡ್ ಮಾಡಿದ ಮೂಲ 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್‌ಗಳನ್ನು ಎಡಿಟಿಂಗ್ ಮುಗಿದ ಮೇಲೂ ಅಳಿಸಬಾರದು. ಮಿಕ್ಸ್ ಟ್ರ್ಯಾಕ್ ಜೊತೆ ಬೂಮ್‌ದು ಬೇರೆ, ಒಬ್ಬೊಬ್ಬ ನಟರ ಕಾಲರ್ ಮೈಕ್‌ದು ಬೇರೆ ಇರಬೇಕು. ದೃಶ್ಯ, ಶಾಟ್, ಟೇಕ್ ಬರೆದ ಸೌಂಡ್ ರಿಪೋರ್ಟ್ ಅದೇ ಫೋಲ್ಡರ್‌ನಲ್ಲಿರಲಿ, ಡಬ್ ಮಾಡಿದ ಸಾಲುಗಳಿಗೆ ಅದರಲ್ಲೇ ಗುರುತು ಹಾಕಿ. ಪ್ರಶಸ್ತಿ ಒಂದೇ ಆದರೂ ಟೈಟಲ್ ಕಾರ್ಡ್ ನಿರ್ಮಾಪಕರ ಕೈಯಲ್ಲೇ ಇದೆ. ಲೊಕೇಶನ್ ಸೌಂಡ್, ಬೂಮ್, ಫೋಲಿ, ಮಿಕ್ಸಿಂಗ್ ಮಾಡಿದವರ ಹೆಸರನ್ನು ಅಲ್ಲಿ ಬಿಡಿಬಿಡಿಯಾಗಿ ಹಾಕಲು ಯಾವ ನಿಯಮವೂ ಅಡ್ಡ ಬರುವುದಿಲ್ಲ.