ಆರು ಚಾಲಿ ಅಡಿಕೆ, ಐದು ಹಿಡಿಕಡ್ಡಿ

ಶಿರಸಿಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಮಾಸ್ತರು ಆರು ಕಾರ್ಬನ್ನಿನ ಹೆಕ್ಸೇನ್ ಅಣುವನ್ನು ಕಟ್ಟುತ್ತಿದ್ದದ್ದು ಚಾಲಿ ಅಡಿಕೆಯಲ್ಲಿ. ಕಾರ್ಬನ್ನಿಗೊಂದು ಅಡಿಕೆ, ಬಂಧಕ್ಕೊಂದು ಹಿಡಿಕಡ್ಡಿ. ಹೈಡ್ರೋಜನ್ ಇಡುವ ಹಾಗಿಲ್ಲ. ಅದನ್ನು ಸೇರಿಸಿದವರ ಲೆಕ್ಕ ಅಲ್ಲೇ ಕೆಟ್ಟಿತು.

ಕುದಿಬಿಂದು ಅಂದಾಜಿಸುವುದಕ್ಕೆ ಇದೆಲ್ಲ ಯಾಕೆ, ಅಣುತೂಕ ಸಾಲದೇ ಎಂದು ಕೇಳಿದರೆ ಕಾಳುಮೆಣಸಿನ ಎಣ್ಣೆಯ ಉದಾಹರಣೆ ಬರುತ್ತಿತ್ತು. ಅದರಲ್ಲಿರುವ ಆಲ್ಫಾ-ಪೈನೀನ್, ಲಿಮೋನೀನ್ ಎರಡರಲ್ಲೂ 10 ಕಾರ್ಬನ್, 16 ಹೈಡ್ರೋಜನ್. ಆದರೆ ಒಂದು ಕುದಿಯುವುದು ಸುಮಾರು 156 ಡಿಗ್ರಿಗೆ, ಇನ್ನೊಂದು 176ಕ್ಕೆ. ತೂಕ ಒಂದೇ, ಜೋಡಣೆ ಬೇರೆ. ಆ ಜೋಡಣೆಯನ್ನೇ ಅಂಕಿಗೆ ಇಳಿಸುವುದು ಡಿಸ್ಕ್ರಿಪ್ಟರಿನ ಕೆಲಸ.

ಮೊದಲು ಕಲಿತದ್ದು ಹ್ಯಾರಿ ವೀನರ್ 1947ರಲ್ಲಿ ಪ್ರಕಟಿಸಿದ ಸೂಚ್ಯಂಕ. ಪ್ರತಿ ಎರಡು ಅಡಿಕೆಯ ನಡುವೆ ಎಷ್ಟು ಕಡ್ಡಿ ದಾಟಬೇಕೆಂದು ಎಣಿಸಿ, ಎಲ್ಲವನ್ನೂ ಕೂಡಿಸಬೇಕು. ನೇರ ಹೆಕ್ಸೇನಿನಲ್ಲಿ ಒಂದು ಕಡ್ಡಿ ದೂರದ ಜೋಡಿ 5, ಎರಡರದ್ದು 4, ಮೂರರದ್ದು 3, ನಾಲ್ಕರದ್ದು 2, ಐದರದ್ದು 1. ಒಟ್ಟು 5+8+9+8+5, ಅಂದರೆ 35. ತಪ್ಪುವುದು ಕವಲಿನಲ್ಲಿ, ಯಾವುದೋ ಒಂದು ಜೋಡಿ ಬಿಟ್ಟುಹೋಗುತ್ತದೆ. ಆರು ಅಡಿಕೆಗೆ 15 ಜೋಡಿ ಆಗಲೇಬೇಕು. ಕೂಡಿಸುವ ಮೊದಲು ಅದನ್ನು ನೋಡಿಕೊಳ್ಳಬೇಕು.

ಕವಲು ಹೆಚ್ಚಿದಷ್ಟೂ ಅಂಕಿ ಇಳಿಯುತ್ತದೆ, ಕುದಿಬಿಂದುವೂ ಇಳಿಯುತ್ತದೆ. ಐದರ ಸಾಲಿನ ಎರಡನೆಯ ಅಡಿಕೆಗೆ ಆರನೆಯದು ಕವಲಾದ 2-ಮೀಥೈಲ್‌ಪೆಂಟೇನಿಗೆ 32, ಕುದಿಯುವುದು 60.3ಕ್ಕೆ. ಮೂರನೆಯದಕ್ಕೆ ಕವಲಾದ 3-ಮೀಥೈಲ್‌ಪೆಂಟೇನಿಗೆ 31. ಹಾಗಾದರೆ ಇನ್ನೂ ಬೇಗ ಕುದಿಯಬೇಕಲ್ಲ? ಇಲ್ಲ, 63.3! ವೀನರ್ ಇದಕ್ಕೆಂದೇ ಎರಡನೆಯ ಅಂಕಿ ಇಟ್ಟುಕೊಂಡಿದ್ದ: ಸರಿಯಾಗಿ ಮೂರು ಕಡ್ಡಿ ದೂರದ ಜೋಡಿಗಳು ಎಷ್ಟು ಎಂಬುದು. ನೇರ ಹೆಕ್ಸೇನಿನಲ್ಲಿ 3, 3-ಮೀಥೈಲ್‌ಪೆಂಟೇನಿನಲ್ಲಿ 4. ಸೂತ್ರದ ಪ್ರಕಾರ ಕಾರ್ಬನ್ ಸಂಖ್ಯೆಯ ವರ್ಗದಿಂದ 98ನ್ನು ಭಾಗಿಸಿ, ಮೊದಲ ಅಂಕಿಯ ಇಳಿಕೆಯಿಂದ (35ರಿಂದ 31ಕ್ಕೆ, ಅಂದರೆ 4) ಗುಣಿಸಬೇಕು: 98/36 × 4, ಸುಮಾರು 10.9. ಹೆಚ್ಚಾದ ಒಂದು ಜೋಡಿಗೆ 5.5 ಕಳೆದರೆ ಉಳಿದದ್ದು 5.4. ಹೆಕ್ಸೇನಿನ 68.7ರಿಂದ ಅಷ್ಟನ್ನು ತೆಗೆದರೆ 63.3. ಕ್ಯಾಲ್ಕುಲೇಟರ್ ಇಲ್ಲದೆ ಇಷ್ಟು ಹೊಂದಿಕೆ!

ಈಗಿನವರಿಗೆ ಆರ್‌ಡಿಕಿಟ್ ಎಂಬ ಅಣು-ಲೆಕ್ಕದ ತಂತ್ರಾಂಶ ಇದೆ. ಅಣುವಿನ ರಚನೆಯನ್ನು ಅಕ್ಷರಗಳಲ್ಲಿ ಬರೆದ ಸ್ಮೈಲ್ಸ್ ಸಾಲು ಕೊಟ್ಟರೆ ನೂರಾರು ಡಿಸ್ಕ್ರಿಪ್ಟರ್ ಉದುರುತ್ತವೆ, ತೊಂದರೆ ಶುರುವಾಗುವುದೂ ಅಲ್ಲೇ. ಹತ್ತು ಸಂಯುಕ್ತದ ಕುದಿಬಿಂದುವಿನ ಸಮೀಕರಣಕ್ಕೆ ಎಂಟು ಡಿಸ್ಕ್ರಿಪ್ಟರ್ ಹಾಕಿದರೆ ಗ್ರಾಫ್ ಚಂದ ಬರುತ್ತದೆ, ಹನ್ನೊಂದನೆಯದಕ್ಕೆ ಉಪಯೋಗವಿಲ್ಲ. ಒಂದು ಡಿಸ್ಕ್ರಿಪ್ಟರಿಗೆ ಕನಿಷ್ಠ ಐದು ಸಂಯುಕ್ತ ಎಂಬುದು ಹಳೆಯ ಲೆಕ್ಕ. ಸಂಯುಕ್ತಗಳಲ್ಲಿ ಕಾಲು ಭಾಗವನ್ನು ಪರೀಕ್ಷೆಗೆಂದು ಮೊದಲೇ ತೆಗೆದಿಟ್ಟು, ಸಮೀಕರಣ ಮುಗಿಯುವ ತನಕ ಮುಟ್ಟಬಾರದು. ಅಣುತೂಕ, ಕಾರ್ಬನ್ ಸಂಖ್ಯೆ, ವೀನರ್ ಅಂಕಿ ಮೂರೂ ಒಟ್ಟಿಗೇ ಏರುವಂಥವು. ಮೂರನ್ನೂ ಸೇರಿಸಿದರೆ ಸಮೀಕರಣದ ಗುಣಾಂಕದ ಚಿಹ್ನೆಯೇ ಪ್ಲಸ್ ಇದ್ದದ್ದು ಮೈನಸ್ ಆಗಿ ತಿರುಗಿ ಕೂರುತ್ತದೆ. ಕಡಿಮೆ ಒತ್ತಡದಲ್ಲಿ ಅಳೆದ ಕುದಿಬಿಂದು ಟೇಬಲಿನಲ್ಲಿ ನುಸುಳಿದ್ದರಂತೂ ಕಾರಣ ಹುಡುಕುತ್ತ ವಾರ ಹೋದೀತು.

ಕಡ್ಡಿ ಎಣಿಸುವ ಅಂಕಿಗೆ ಆಕಾರ ಕಾಣುವುದಿಲ್ಲ. ತುದಿಗಳು ಒಂದೇ ಬದಿಗಿರುವ ಸಿಸ್ ಮತ್ತು ಎದುರು ಬದಿಗಿರುವ ಟ್ರಾನ್ಸ್ 2-ಬ್ಯೂಟೀನ್ ಎರಡಕ್ಕೂ 10 ಬರುತ್ತದೆ, ಕುದಿಯುವುದು ಮಾತ್ರ 3.7ಕ್ಕೆ ಮತ್ತು 0.9ಕ್ಕೆ. ಕರಗುವ ಬಿಂದುವಿಗಂತೂ ಇದನ್ನು ನಂಬುವಂತಿಲ್ಲ. ಪೆಂಟೇನ್ ಕರಗುವುದು ಮೈನಸ್ 130ರ ಹತ್ತಿರ; ಅದಕ್ಕಿಂತ 27 ಡಿಗ್ರಿ ಮೊದಲೇ ಕುದಿಯುವ, ಅದರದೇ ಕವಲಿನ ರೂಪವಾದ ನಿಯೋಪೆಂಟೇನ್ ಕರಗುವುದು ಮೈನಸ್ 17ಕ್ಕೆ. ಉಂಡೆಯಂಥ ಅಣು ಹರಳಿನಲ್ಲಿ ಒತ್ತಾಗಿ ಕೂರುತ್ತದೆ, ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿದ ಅಡಿಕೆಯಲ್ಲಿ ಅದು ಕಾಣುತ್ತಿರಲಿಲ್ಲ.