ಜೋಲಿ ಹೊಡೆಯುವ ಟ್ರೇಲರಿಗೆ ತಡೆ ಹಾಕಿಸಬೇಕೆ?

ಕಳೆದ ಆಷಾಢದಲ್ಲಿ ವಿಜಯಪುರದಿಂದ ಬಾದಾಮಿಗೆ ಹೊರಟಿದ್ದಾಗ, ಕೊಲ್ಹಾರದ ಸೇತುವೆಯ ಮೇಲೆ, ಕಾರಿನ ಹಿಂದೆ ಕಟ್ಟಿದ್ದ ನಮ್ಮ ಪ್ರವಾಸಿ ಟ್ರೇಲರ್ ಜೋಲಿ ಹೊಡೆಯಿತು. ಕೃಷ್ಣೆಯ ಹಿನ್ನೀರಿನ ಮೇಲೆ ಹಾದುಹೋಗುವ ಆ ಉದ್ದನೆಯ ಸೇತುವೆಗೆ ಮರೆಯಾಗಿ ಒಂದು ಗಿಡವೂ ಇಲ್ಲ, ಗುಡ್ಡವೂ ಇಲ್ಲ. ಪಡುವಣ ಗಾಳಿ ನೀರಿನ ಮೇಲಿಂದ ನೇರವಾಗಿ ಬಂದು ಗಾಡಿಯ ಪಕ್ಕೆಗೆ ಬಡಿಯುತ್ತದೆ. ನನ್ನ ಸ್ಕಾರ್ಪಿಯೋ ಗಂಟೆಗೆ 75 ಕಿ.ಮೀ. ವೇಗದಲ್ಲಿತ್ತು. ಎದುರಿನಿಂದ ಬಂದ ಲಾರಿಯೊಂದು ಪಕ್ಕದಲ್ಲಿ ಹಾದುಹೋದ ಕ್ಷಣದಲ್ಲಿ ಬಲಗನ್ನಡಿಯೊಳಗೆ ಟ್ರೇಲರಿನ ಹಿಂಬದಿಯ ಕೆಂಪು ದೀಪ ಕಾಣಿಸಿಕೊಂಡಿತು. ನೇರವಾಗಿ ಹೋಗುವಾಗ ಆ ದೀಪ ಕನ್ನಡಿಯಲ್ಲಿ ಕಾಣಲೇಬಾರದು. ಅದು ಮರೆಯಾಯಿತು ಎನ್ನುವಷ್ಟರಲ್ಲಿ ಎಡಗನ್ನಡಿಯಲ್ಲಿ ಇನ್ನೊಂದು ಕಡೆಯ ದೀಪ ಕಂಡಿತು, ಮತ್ತೆ ಬಲಕ್ಕೆ, ಈ ಸಲ ಮೊದಲಿಗಿಂತ ಹೆಚ್ಚು. ಯಾರೋ ಹಿಂದಿನ ಬಂಪರನ್ನು ಎರಡೂ ಕೈಯಿಂದ ಹಿಡಿದು ಅತ್ತಿತ್ತ ಎಳೆದಾಡುತ್ತಿದ್ದಾರೆ ಎನ್ನಿಸುವಂತಿತ್ತು. ನಾನು ಮಾಡಬಾರದ್ದನ್ನೇ ಮಾಡಿದೆ: ಅದು ಬಲಕ್ಕೆ ಎಳೆದಾಗ ಸ್ಟೇರಿಂಗನ್ನು ಎಡಕ್ಕೆ, ಎಡಕ್ಕೆ ಎಳೆದಾಗ ಬಲಕ್ಕೆ ತಿರುಗಿಸಿದೆ. ಮನುಷ್ಯನ ಕೈ ಓಲಾಟಕ್ಕಿಂತ ತುಸು ತಡವಾಗಿ ಬರುವುದರಿಂದ ಆ ತಿದ್ದುಪಡಿ ಓಲಾಟಕ್ಕೇ ಬಲ ಕೊಡುತ್ತದೆ ಎಂಬುದು ಆಮೇಲೆ ತಿಳಿದ ವಿಷಯ. ಹೆಂಡತಿ “ಸುಮ್ನ ಹಿಡೀರಿ, ತಿರುವಬ್ಯಾಡ್ರಿ” ಎಂದು ಕೂಗಿದ ಮೇಲೆ ಸ್ಟೇರಿಂಗನ್ನು ನೆಟ್ಟಗೆ ಹಿಡಿದು, ಬ್ರೇಕ್ ಮುಟ್ಟದೆ, ಆಕ್ಸಿಲರೇಟರಿನಿಂದ ಕಾಲೆತ್ತಿದೆ. ವೇಗ 55ಕ್ಕೆ ಇಳಿದಾಗ ಟ್ರೇಲರ್ ತಾನಾಗಿಯೇ ನೆಟ್ಟಗಾಯಿತು.

ಈ ಸಂಗತಿಯನ್ನು ಕೇಳಿದ ಗೆಳೆಯರೆಲ್ಲರೂ ಹೇಳಿದ್ದು ಒಂದೇ ಮಾತು: ಓಲಾಟ ತಡೆಯುವ ಸಾಧನವೊಂದನ್ನು ತರಿಸಿ ಹಾಕಿಸು. ನಾನು ನಾಲ್ಕು ತಿಂಗಳು ಹಾಕಿಸಲಿಲ್ಲ. ಹಣದ ಮುಖ ನೋಡಿ ಅಲ್ಲ, ಕಾರಣ ತಿಳಿಯದೆ ಔಷಧ ಕುಡಿಯುವುದು ನನಗೆ ಸರಿಬರಲಿಲ್ಲ. ನಿಜ ಹೇಳಬೇಕೆಂದರೆ, ಅಂದು ನಾನು ಎಲ್ಲ ತಪ್ಪನ್ನೂ ಗಾಳಿಯ ಮೇಲೆ ಹೊರಿಸಿದ್ದೆ. ಮೂರು ದಿನಗಳ ನಂತರ ಬಾದಾಮಿಯಿಂದ ಮರಳುವಾಗ ಅದೇ ಸೇತುವೆಯ ಮೇಲೆ, ಹೆಚ್ಚುಕಡಿಮೆ ಅದೇ ಗಾಳಿಯಲ್ಲಿ, ಟ್ರೇಲರ್ ತುಸುವೂ ಅಲುಗಾಡದೆ ಬಂದಿತ್ತು. ಆ ವ್ಯತ್ಯಾಸದ ಬಗ್ಗೆ ನಾನು ಯೋಚಿಸಲೇ ಇಲ್ಲ.

ಯೋಚಿಸಲು ಹಚ್ಚಿದವರು ಬಬಲೇಶ್ವರದ ಕಡೆಯ ಹಳ್ಳಿಯಲ್ಲಿರುವ ನಮ್ಮ ಕಾಕಾ. ಅವರ ಆಯುಷ್ಯದ ಅರ್ಧ ಚಕ್ಕಡಿ ಹೂಡುವುದರಲ್ಲಿ, ಉಳಿದರ್ಧ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವುದರಲ್ಲಿ ಕಳೆದಿದೆ. ಅಂಗಳದಲ್ಲಿ ನಿಂತಿದ್ದ ಟ್ರೇಲರನ್ನು ಒಂದು ಸುತ್ತು ಹಾಕಿ ನೋಡಿದರು, ಮುಂದಿನ ಕೊಂಡಿಯನ್ನು ಒಂದೇ ಕೈಯಿಂದ ಎತ್ತಿದರು, ಕೆಳಗೆ ಬಿಟ್ಟರು. “ಏನಪಾ, ಎಲ್ಲಾ ಹಿಂದ ಹೇರೀದಿ. ಮೂಕಿ ಹಗುರ ಆಗೈತಿ. ಎತ್ತು ಆಗಿದ್ರ ಕೊರಳು ಬಿಗೀತಿತ್ತು, ಕಾರಿಗೇನ ಗೊತ್ತಾಕ್ಕೈತಿ?” ಎಂದರು. ಚಕ್ಕಡಿಗೆ ಹಿಂಭಾರ ಹೇರಿದರೆ ಮೂಕಿ, ಅಂದರೆ ನೊಗ ಕಟ್ಟುವ ಮುಂದಿನ ಮರ, ಮೇಲಕ್ಕೆದ್ದು, ನೊಗ ಎತ್ತಿನ ಹೆಗಲಿನಿಂದ ಏಳುತ್ತದೆ, ನೊಗಕ್ಕೆ ಕಟ್ಟಿದ ಜತ್ತಿಗೆಯ ಪಟ್ಟಿ ಕೊರಳನ್ನು ಬಿಗಿಯುತ್ತದೆ. ಆದ್ದರಿಂದ ತಿಳಿದವರು ಹುಲ್ಲು ಹೇರುವಾಗಲೂ, ಚೀಲ ಹೇರುವಾಗಲೂ ನೊಗದ ಮೇಲೆ ಒಂದಿಷ್ಟು ಭಾರ ಬೀಳುವಂತೆ ಮುಂದೆ ಒತ್ತಿ ಹೇರುತ್ತಾರೆ. ಟ್ರೇಲರಿನ ಕೊಂಡಿ, ಅದನ್ನು ಸಿಕ್ಕಿಸುವ ಕಾರಿನ ಹಿಂಬದಿಯ ಉಕ್ಕಿನ ಗುಂಡಿನ ಮೇಲೆ ಕೆಳಮುಖವಾಗಿ ಹಾಕುವ ಭಾರವೂ ಇದೇ. ಅಮೆರಿಕದಲ್ಲಿ ಈ ಭಾರ ಟ್ರೇಲರಿನ ಒಟ್ಟು ತೂಕದ 10ರಿಂದ 15 ಪ್ರತಿಶತ ಇರಬೇಕೆನ್ನುತ್ತಾರೆ. ನಿಧಾನವಾಗಿ ಎಳೆಯುವ ಯುರೋಪಿನಲ್ಲಿ ಅದಕ್ಕಿಂತ ಕಡಿಮೆ ಸಾಕೆನ್ನುತ್ತಾರೆ. ಕಾಕಾನ ಗೌರವಕ್ಕಾಗಿ ನಾನು ಅದನ್ನು ಮೂಕಿಭಾರ ಎಂದೇ ಕರೆಯುತ್ತೇನೆ.

ಮರುದಿನ ತೂಗಿಸಿದೆ. ನೀರು, ಗ್ಯಾಸು, ಹಾಸಿಗೆ, ಸೈಕಲ್ಲು ಎಲ್ಲವನ್ನೂ ಅಂದಿನಂತೆಯೇ ಹೇರಿ, ಊರ ಹೊರಗಿನ ಕಾಟಾದ ಮೇಲೆ ಕೊಂಡಿ ಬಿಚ್ಚಿ ನಿಲ್ಲಿಸಿದಾಗ ಒಟ್ಟು ತೂಕ 940 ಕೆ.ಜಿ. ಬಂತು. ಲಾರಿ ತೂಗುವ ಕಾಟಾದಲ್ಲಿ ಮೂಕಿಭಾರದಂತಹ ಸಣ್ಣ ತೂಕ ಸರಿಯಾಗಿ ಸಿಗುವುದಿಲ್ಲವಾದ್ದರಿಂದ, ಪರಿಚಯದ ಜೋಳದ ಅಂಗಡಿಯವರ ಚೀಲ ತೂಗುವ ಯಂತ್ರವನ್ನು ಕೇಳಿ ತಂದೆ. ಅದರ ಮೇಲೆ ಕಟ್ಟಿಗೆಯ ದಿಮ್ಮಿ ನಿಲ್ಲಿಸಿ, ಕಾರಿನ ಗುಂಡು ಇರುವಷ್ಟೇ ಎತ್ತರದಲ್ಲಿ ಕೊಂಡಿಯನ್ನು ಅದರ ಮೇಲೆ ಇಳಿಸಿದೆ. ಎತ್ತರ ತಪ್ಪಿದರೆ ಲೆಕ್ಕವೂ ತಪ್ಪುತ್ತದೆ. ಯಂತ್ರ 38 ಎಂದು ತೋರಿಸಿತು. 940ರಲ್ಲಿ 38 ಎಂದರೆ ಬರೀ 4 ಪ್ರತಿಶತ.

ತಪ್ಪು ಪೂರ್ತಿಯಾಗಿ ನನ್ನದೇ ಆಗಿತ್ತು. ಬೆಳಗಾವಿಯ ಉದ್ಯಮಬಾಗದಲ್ಲಿ ಚಾಸಿ ಮಾಡಿಸುವಾಗ 80 ಲೀಟರಿನ ನೀರಿನ ಟ್ಯಾಂಕನ್ನು ಅಡುಗೆ ಕಟ್ಟೆಯ ಕೆಳಗೆ, ಅಂದರೆ ಚಕ್ರಗಳ ಅಚ್ಚಿನಿಂದ 1.1 ಮೀಟರ್ ಹಿಂದೆ ಇಡಿಸಿದವನು ನಾನು. ಪೈಪು ಚಿಕ್ಕದಾಗುತ್ತದೆ ಎಂಬ ಜಾಣತನ. ಮಕ್ಕಳ ಎರಡು ಸೈಕಲ್ಲುಗಳನ್ನು ಕಟ್ಟಲು ಹಿಂದುಗಡೆ ಕಬ್ಬಿಣದ ಚೌಕಟ್ಟು ಹಾಕಿಸಿದವನೂ ನಾನೇ. ಚೌಕಟ್ಟು ಸೇರಿ 40 ಕೆ.ಜಿ., ಅಚ್ಚಿನಿಂದ 2.1 ಮೀಟರ್ ಹಿಂದೆ. ಕೊಂಡಿಗೂ ಅಚ್ಚಿಗೂ ನಡುವೆ 3 ಮೀಟರ್ ಅಂತರವಿರುವುದರಿಂದ, ತಕ್ಕಡಿಯ ಲೆಕ್ಕದಲ್ಲಿ ತುಂಬಿದ ಟ್ಯಾಂಕು ಮೂಕಿಯನ್ನು 29 ಕೆ.ಜಿ.ಯಷ್ಟು, ಸೈಕಲ್ಲುಗಳು 28 ಕೆ.ಜಿ.ಯಷ್ಟು ಮೇಲಕ್ಕೆತ್ತುತ್ತಿದ್ದವು. ಬಾದಾಮಿಯಿಂದ ಮರಳುವಾಗ ಟ್ರೇಲರ್ ಏಕೆ ನೆಟ್ಟಗಿತ್ತು ಎಂಬುದೂ ಆಗ ಬಗೆಹರಿಯಿತು: ಟ್ಯಾಂಕು ಖಾಲಿಯಾಗಿತ್ತು, ಮೂಕಿಭಾರ ತಾನಾಗಿಯೇ 67ಕ್ಕೆ ಏರಿತ್ತು, ನಾನು ಹೆದರಿ ನಿಧಾನವಾಗಿಯೂ ಬಂದಿದ್ದೆ.

ಮೂಕಿಭಾರಕ್ಕಿಂತ ಹೆಚ್ಚು ಜನ ಮರೆಯುವ ಇನ್ನೊಂದು ವಿಷಯವಿದೆ. ಅಚ್ಚಿನಿಂದ ದೂರದಲ್ಲಿರುವ ತೂಕ ಟ್ರೇಲರನ್ನು ತೂಗುಯ್ಯಾಲೆಯಂತೆ ಮಾಡುತ್ತದೆ, ಮತ್ತು ಅದರ ಪರಿಣಾಮ ದೂರದ ವರ್ಗದಂತೆ ಬೆಳೆಯುತ್ತದೆ. ಅದೇ 40 ಕೆ.ಜಿ.ಯನ್ನು 2.1 ಮೀಟರ್ ದೂರದಿಂದ ತಂದು 0.3 ಮೀಟರಿನಲ್ಲಿ ಇಟ್ಟರೆ, ತಿರುಗುವಿಕೆಯ ಜಡತ್ವದಲ್ಲಿ, ಅಂದರೆ ತೂಗಲು ತೊಡಗುವುದಕ್ಕೂ ನಿಲ್ಲುವುದಕ್ಕೂ ಟ್ರೇಲರ್ ಒಡ್ಡುವ ಪ್ರತಿರೋಧದಲ್ಲಿ, ಅದರ ಪಾಲು 49ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಹಿಂದೆ ಭಾರವಾಯಿತೆಂದು ತೀರಾ ಮುಂದಿನ ತುದಿಯಲ್ಲಿ ಇನ್ನಷ್ಟು ಭಾರ ಇಟ್ಟು ಸರಿದೂಗಿಸುವವರು ಮೂಕಿಭಾರವನ್ನು ಸರಿಮಾಡಿಕೊಂಡರೂ ಈ ಜಡತ್ವವನ್ನು ಹೆಚ್ಚಿಸಿಕೊಳ್ಳುತ್ತಾರೆ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿ ತೂಕಗಳನ್ನು ಬೇಕಾದಂತೆ ಸರಿಸಬಹುದಾದ ಟ್ರೇಲರೊಂದನ್ನು ಕಟ್ಟಿ ನಡೆಸಿದ ಪ್ರಯೋಗಗಳಲ್ಲಿಯೂ ಈ ಜಡತ್ವ, ಮೂಕಿಭಾರ, ಅಚ್ಚಿನ ಸ್ಥಾನ ಇವೇ ಮುಖ್ಯವೆಂದು ಕಂಡುಬಂದಿವೆ.

ಉದ್ಯಮಬಾಗಕ್ಕೆ ಮತ್ತೊಮ್ಮೆ ಹೋಗಿ ಟ್ಯಾಂಕನ್ನು ಅಚ್ಚಿನಿಂದ 0.3 ಮೀಟರ್ ಮುಂದಕ್ಕೆ ಹಾಕಿಸಿದೆ, ಹಿಂದಿನ ಚೌಕಟ್ಟನ್ನು ಕೊಯ್ಸಿದೆ, ಸೈಕಲ್ಲುಗಳನ್ನು ಕಾರಿನ ಮಾಡಿಗೆ ಏರಿಸಿದೆ. ಲೆಕ್ಕದಲ್ಲಿ ಮೂಕಿಭಾರ 103 ಬರಬೇಕಿತ್ತು. ತೂಗಿದಾಗ 101 ಬಂತು. ಒಟ್ಟು 900ಕ್ಕೆ ಅದು 11 ಪ್ರತಿಶತ, ಕೊಂಡಿಯ ಮೇಲೆ ಕೊರೆದಿರುವ 150 ಕೆ.ಜಿ.ಯ ಮಿತಿಯೊಳಗೆ. ಟೈರುಗಳ ಗಾಳಿಯನ್ನೂ ನೋಡಿಸಿದೆ. ನಂತರ ಒಂದು ಭಾನುವಾರ ಬೆಳಕು ಹರಿಯುವ ಹೊತ್ತಿಗೆ, ಮಕ್ಕಳನ್ನೂ ಹೆಂಡತಿಯನ್ನೂ ಮನೆಯಲ್ಲಿ ಬಿಟ್ಟು, ಸೊಲ್ಲಾಪುರ ರಸ್ತೆಯ ಖಾಲಿ ಭಾಗದಲ್ಲಿ ಒಬ್ಬನೇ ಪರೀಕ್ಷಿಸಿದೆ. 50ರಿಂದ ಐದೈದು ಕಿಲೋಮೀಟರಿನಂತೆ ವೇಗ ಏರಿಸುತ್ತ, ಪ್ರತಿ ಹಂತದಲ್ಲಿ ಸ್ಟೇರಿಂಗನ್ನು ಬೆರಳಗಲದಷ್ಟು ಅಲುಗಿಸಿ ಬಿಡುವುದು, ಟ್ರೇಲರ್ ಎಷ್ಟು ಸಲ ತೂಗಿ ನಿಲ್ಲುತ್ತದೆಂದು ಕನ್ನಡಿಯಲ್ಲಿ ಎಣಿಸುವುದು. 60ರಲ್ಲಿ ಒಂದು ಸಲ. 70ರಲ್ಲಿ ಒಂದೂವರೆ. 80ರಲ್ಲಿ ಎರಡು. ಅಲ್ಲಿಗೆ ನಿಲ್ಲಿಸಿದೆ. ತೂಗಾಟವನ್ನು ನುಂಗುವ ಶಕ್ತಿ ವೇಗ ಏರಿದಂತೆಲ್ಲ ಕುಗ್ಗುತ್ತದೆ; ಒಂದು ವೇಗವನ್ನು ದಾಟಿದ ಮೇಲೆ ಪ್ರತಿ ತೂಗು ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಆ ವೇಗ ಎಷ್ಟೆಂದು ಕಂಡುಹಿಡಿಯುವ ಹಂಬಲ ನನಗಿರಲಿಲ್ಲ.

ಹೀಗೆ ಟ್ರೇಲರ್ ತಾನಾಗಿಯೇ ನೆಟ್ಟಗೆ ಓಡಲು ಕಲಿತ ಮೇಲೆ, ತಡೆಯ ಸಾಧನ ಬೇಕೆ ಎಂಬ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡೆ. ಪ್ರಶ್ನೆಯನ್ನು ಈ ಕ್ರಮದಲ್ಲಿ ಕೇಳುವುದೇ ಸರಿ ಎಂದು ಈಗಲೂ ನಂಬಿದ್ದೇನೆ. ಮೊದಲೇ ಸಾಧನ ಹಾಕಿಸಿದ್ದರೆ 38 ಕೆ.ಜಿ.ಯ ಮೂಕಿಭಾರ ಅದರ ಹಿಂದೆ ಅಡಗಿ ಕುಳಿತಿರುತ್ತಿತ್ತು, 75ರಲ್ಲಿ ಆಗಬೇಕಾದದ್ದು 85ರಲ್ಲಿ ಆಗುತ್ತಿತ್ತು.

ಸಾಧನಗಳಲ್ಲಿ ಹಲವು ಬಗೆಗಳಿವೆ. ಸ್ಪ್ರಿಂಗ್ ಸಲಾಕೆಗಳಿಂದ ಮೂಕಿಭಾರದ ಒಂದು ಪಾಲನ್ನು ಕಾರಿನ ಮುಂಗಾಲಿಗಳಿಗೆ ದಾಟಿಸುವ ಕೊಂಡಿಗಳು ಅಮೆರಿಕದ ದೊಡ್ಡ ಟ್ರೇಲರುಗಳಿಗೆ ತಕ್ಕವು. ನನ್ನ 900 ಕೆ.ಜಿ.ಗೆ ಅವು ಅತಿಯಾದವು. ಹೊಸ ಕಾರುಗಳಲ್ಲಿ ಕೆಲವು ಒಂದೊಂದು ಚಕ್ರದ ಬ್ರೇಕನ್ನು ತಾವೇ ಒತ್ತಿ ಓಲಾಟವನ್ನು ಅಡಗಿಸುತ್ತವೆ. ನನ್ನ ಹಳೆಯ ಗಾಡಿಯಲ್ಲಿ ಅದಿಲ್ಲ. ಉಳಿದದ್ದು ಘರ್ಷಣೆಯ ಬಗೆ. ಇದರಲ್ಲಿ ಕಾರಿಗೂ ಟ್ರೇಲರಿಗೂ ನಡುವೆ ಜಾರುವ ಸಲಾಕೆಯೊಂದನ್ನು ಬ್ರೇಕ್ ಲೈನಿಂಗಿನ ಒತ್ತಡದಲ್ಲಿ ಹಿಡಿದಿಡುವುದು ಒಂದು ವಿಧ; ಹಿಮ್ಮುಖವಾಗಿ ಹೋಗುವಾಗ ಅದನ್ನು ಬಿಚ್ಚದಿದ್ದರೆ ಬಾಗಿಹೋಗುತ್ತದೆ. ಕೊಂಡಿಯೊಳಗೇ ಘರ್ಷಣೆಯ ಬಿಲ್ಲೆಗಳಿದ್ದು, ಹಿಡಿಕೆಯನ್ನು ಕೆಳಗೆ ಒತ್ತಿದರೆ 50 ಮಿ.ಮೀ. ಗುಂಡನ್ನು ಅವುಚಿ ಹಿಡಿಯುವುದು ಇನ್ನೊಂದು ವಿಧ. ಯುರೋಪಿನ ಕ್ಯಾರವಾನುಗಳಲ್ಲಿ ಆಲ್-ಕೋ, ವಿಂಟರ್‌ಹಾಫ್ ಮುಂತಾದ ಕಂಪನಿಗಳ ಇಂತಹ ಕೊಂಡಿಗಳು ಸಾಮಾನ್ಯ.

ಘರ್ಷಣೆಯ ಗುಣವನ್ನು ಮಾತ್ರ ಸರಿಯಾಗಿ ತಿಳಿದುಕೊಳ್ಳಬೇಕು. ಬಿಲ್ಲೆಯ ಹಿಡಿತ ಓಲಾಟ ಸಣ್ಣದಿರಲಿ, ದೊಡ್ಡದಿರಲಿ ಅಷ್ಟೇ ಇರುತ್ತದೆ. ಓಲಾಟ ಎರಡು ಪಟ್ಟಾದರೆ ಬಿಲ್ಲೆ ನುಂಗುವ ಶಕ್ತಿ ಎರಡು ಪಟ್ಟಾಗುತ್ತದೆ, ಆದರೆ ಓಲಾಟದಲ್ಲಿ ತುಂಬಿರುವ ಶಕ್ತಿ ನಾಲ್ಕು ಪಟ್ಟಾಗಿರುತ್ತದೆ. ಹೀಗಾಗಿ ಅದು ಮೊಳಕೆಯಲ್ಲೇ ಚಿವುಟಲು ಒಳ್ಳೆಯದು. ಬಾಲ ಬೀಸಲು ತೊಡಗಿದ ಟ್ರೇಲರನ್ನು ಅತಿ ವೇಗದಲ್ಲಿ ಕಟ್ಟಿಹಾಕುವುದು ಅದರಿಂದಾಗದ ಕೆಲಸ. ಇದನ್ನು ತಿಳಿದೇ ಇರಬೇಕು, ಜರ್ಮನಿಯ ನಿಯಮಗಳು ಸಾಧನವೊಂದನ್ನೇ ನಂಬುವುದಿಲ್ಲ: ಹೆದ್ದಾರಿಯಲ್ಲಿ ಟ್ರೇಲರಿನೊಂದಿಗೆ 80ರ ಬದಲು 100 ಕಿ.ಮೀ. ವೇಗದ ಪರವಾನಗಿ ಬೇಕಾದರೆ ಟ್ರೇಲರಿನ ಟೈರುಗಳು 6 ವರ್ಷಕ್ಕಿಂತ ಹಳೆಯದಾಗಿರಬಾರದು, ಕಾರಿನ ತೂಕಕ್ಕೂ ಟ್ರೇಲರಿನ ತೂಕಕ್ಕೂ ನಿಗದಿತ ಪ್ರಮಾಣವಿರಬೇಕು ಎಂಬ ಷರತ್ತುಗಳೂ ಇವೆ.

ಕೊನೆಗೆ ಎರಡನೆಯ ವಿಧದ ಕೊಂಡಿಯನ್ನು ಹಾಕಿಸಿದೆ. ನಿರ್ಧಾರಕ್ಕೆ ಕಾರಣ ಗಾಳಿಗಿಂತ ಹೆಚ್ಚಾಗಿ ನಮ್ಮ ರಸ್ತೆಗಳು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರುಗಳು ಹಿಂದೀಪವಿಲ್ಲದೆ ಕತ್ತಲಲ್ಲಿ ಎದುರಾಗುತ್ತವೆ, ಅದೇ ಮಗ್ಗುಲಲ್ಲಿ ಬೈಕು ವಿರುದ್ಧ ದಿಕ್ಕಿನಿಂದ ಬರುತ್ತದೆ. ಆಗ ಸ್ಟೇರಿಂಗನ್ನು ಒಮ್ಮೆ ತಿರುಗಿಸಲೇಬೇಕಾಗುತ್ತದೆ. ಓಲಾಟ ಹುಟ್ಟುವುದು ಆ ಒಂದು ತಿರುವಿನಲ್ಲಿ, ಘರ್ಷಣೆಯ ಬಿಲ್ಲೆ ನಿಜವಾಗಿ ಕೆಲಸಕ್ಕೆ ಬರುವುದೂ ಅಲ್ಲಿಯೇ. ಇನ್ನೊಂದು ಕಾರಣ ನಾನೇ: ಹೋಗುವಾಗ ತೂಗಿ ಹೇರುವ ಮನುಷ್ಯ ಬರುವಾಗ ದಣಿದು, ಒದ್ದೆ ಬಟ್ಟೆ, ಚಾಪೆ, ಬಾದಾಮಿ ಸಂತೆಯ ಕುಂಬಳಕಾಯಿ ಎಲ್ಲವನ್ನೂ ಹಿಂಬಾಗಿಲಿನಿಂದ ಒಳಗೆ ತಳ್ಳುತ್ತಾನೆ. ಗರಿಷ್ಠ ವೇಗವನ್ನು ಮಾತ್ರ 70ಕ್ಕೇ ನಿಲ್ಲಿಸಿಕೊಂಡಿದ್ದೇನೆ, ಸಾಧನ ಬಂದಿತೆಂದು ಒಂದು ಕಿಲೋಮೀಟರೂ ಏರಿಸಿಲ್ಲ.

ಹಾಕಿಸಿದ ದಿನ ಒಂದು ತಮಾಷೆಯಾಯಿತು. ಬಿಲ್ಲೆಗಳು ಹಿಡಿಯಬೇಕಾದರೆ ಗುಂಡಿನ ಮೇಲೆ ಬಣ್ಣವಾಗಲಿ ಜಿಡ್ಡಾಗಲಿ ಇರಬಾರದೆಂದು ಎಮರಿ ಕಾಗದದಿಂದ ಬೆಳ್ಳಗೆ ಉಜ್ಜಿ ಇಟ್ಟಿದ್ದೆ. ಚಹಾ ಕುಡಿದು ಬರುವಷ್ಟರಲ್ಲಿ ಅಂಗಡಿಯ ಹುಡುಗ, ಟ್ರಾಲಿಯ ಕೊಂಡಿಗೆ ಹಚ್ಚುವಂತೆಯೇ, ಪ್ರೀತಿಯಿಂದ ಒಂದು ಹಿಡಿ ಗ್ರೀಸ್ ಮೆತ್ತಿದ್ದ. “ಸರ್, ಒಣಾ ಐತ್ರಿ, ಕಿರಗುಡತೈತಿ ಅಂತ ಹಚ್ಚೀನಿ” ಎಂದ. ಅವನು ಹೇಳಿದ್ದು ಸುಳ್ಳಲ್ಲ, ತಿರುವುಗಳಲ್ಲಿ ಅದು ಈಗಲೂ ಕಿರುಗುಡುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ಥಿನ್ನರಿನಲ್ಲಿ ಒರೆಸಿ, ಮತ್ತೆ ಉಜ್ಜಲು ಅರ್ಧ ತಾಸು ಹಿಡಿಯಿತು.

ಮೊನ್ನೆ ಮತ್ತೆ ಬಾದಾಮಿಗೆ ಹೊರಟೆವು. ಕೊಲ್ಹಾರ ದಾಟಿ ಸೇತುವೆಗೆ ಏರುವ ಮುನ್ನ ರಸ್ತೆಯ ಬದಿಗೆ ನಿಲ್ಲಿಸಿ, ಇಳಿದು, ಹಿಡಿಕೆಯನ್ನು ಮೇಲಕ್ಕೆತ್ತಿ ಬಿಲ್ಲೆಗಳನ್ನು ಬಿಡಿಸಿದೆ. “ಈಗ ಯಾಕ ಬಿಡಸ್ತೀರಿ?” ಎಂದು ಹೆಂಡತಿ ಕೇಳಿದಳು. ಇದನ್ನು ನಂಬದೆಯೂ ದಾಟಬಲ್ಲೆವೇ ಎಂದು ನೋಡಬೇಕಾಗಿದೆ ಎಂದೆ. ಅವಳು ಮರುಮಾತಾಡದೆ ಬಲಗನ್ನಡಿಯನ್ನು ತನ್ನತ್ತ ತಿರುಗಿಸಿಕೊಳ್ಳಲು ಹೋದಳು, ನಾನು ಬಿಡಲಿಲ್ಲ. 60ರಲ್ಲಿ, ನೀರಿನ ಮೇಲಿನ ಅದೇ ಅಡ್ಡಗಾಳಿಯಲ್ಲಿ, ಎರಡು ಲಾರಿ ಒಂದು ಬಸ್ಸು ಎದುರಾದವು. ಬಸ್ಸು ಹಾದಾಗ ಟ್ರೇಲರ್ ಒಮ್ಮೆ ಹೆಗಲು ಕುಣಿಸಿದಂತೆ ಮಾಡಿ ಸುಮ್ಮನಾಯಿತು. ಕೆಂಪು ದೀಪ ಯಾವ ಕನ್ನಡಿಯಲ್ಲಿಯೂ ಕಾಣಲಿಲ್ಲ. ಕೊರ್ತಿಯ ಕಡೆ ಇಳಿದ ಮೇಲೆ ಮತ್ತೆ ನಿಲ್ಲಿಸಿ, ಹಿಡಿಕೆಯನ್ನು ಕೆಳಗೆ ಒತ್ತಿ, ಗದ್ದನಕೇರಿ ಕ್ರಾಸಿನ ದಾರಿ ಹಿಡಿದೆವು.