ಡೆಲ್ಫಿ-ಸಿ3 ಧ್ವನಿಮುದ್ರಣಗಳ ವಿಶ್ಲೇಷಣೆ: ಈವರೆಗಿನ ಪ್ರಗತಿ

ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ನಿರ್ಮಿಸಿದ ಡೆಲ್ಫಿ-ಸಿ3, 2008ರ ಏಪ್ರಿಲ್ 28ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ9 ರಾಕೆಟ್ ಹೊತ್ತೊಯ್ದ ಹತ್ತು ಉಪಗ್ರಹಗಳಲ್ಲಿ ಒಂದು. ತೆಳುಪದರದ ಸೌರಕೋಶಗಳನ್ನೂ, ತಂತಿಯ ಸಂಪರ್ಕವಿಲ್ಲದೆ ಕೆಲಸ ಮಾಡುವ ಸೂರ್ಯ ಸಂವೇದಕವನ್ನೂ ಬಾಹ್ಯಾಕಾಶದಲ್ಲಿ ಪರೀಕ್ಷಿಸುವುದು ಅದರ ಉದ್ದೇಶವಾಗಿತ್ತು. 2023ರ ನವೆಂಬರ್‌ನಲ್ಲಿ ಅದು ವಾತಾವರಣವನ್ನು ಹೊಕ್ಕು ನಾಶವಾಯಿತು. 2010ರ ಬೇಸಿಗೆಯಲ್ಲಿ ಐಂಡ್‌ಹೋವನ್‌ನ ಮನೆಯಿಂದ ನಾನು ಮುದ್ರಿಸಿಕೊಂಡಿದ್ದ ಅದರ ರೇಡಿಯೋ ಸಂಕೇತಗಳನ್ನು ಈಗ ಮತ್ತೆ ತೆರೆದು ಪರಿಶೀಲಿಸುತ್ತಿದ್ದೇನೆ.

ಈ ಉಪಗ್ರಹದಲ್ಲಿ ಬ್ಯಾಟರಿಯೇ ಇರಲಿಲ್ಲ. ಭೂಮಿಯ ನೆರಳಿನೊಳಗೆ ಹೋದೊಡನೆ ಅದು ಪೂರ್ತಿ ಆರಿಹೋಗಿ, ಬಿಸಿಲಿಗೆ ಬಂದ ಮೇಲೆ ಹೊಸದಾಗಿ ಚಾಲೂ ಆಗುತ್ತಿತ್ತು. ನಮ್ಮ ಬೆಂಗಳೂರಿನಲ್ಲಿ ರೂಪುಗೊಂಡ, ಹವ್ಯಾಸಿ ರೇಡಿಯೋದವರ ಉಪಗ್ರಹ ಹ್ಯಾಮ್‌ಸ್ಯಾಟ್ 2014ರಲ್ಲಿ ಮೌನವಾದದ್ದು ಬ್ಯಾಟರಿ ಕೈಕೊಟ್ಟಿದ್ದರಿಂದಲೇ ಎಂಬುದನ್ನು ನೆನೆದರೆ, ಡೆಲ್ಫ್ಟ್‌ನವರ ಈ ನಿರ್ಧಾರ ಜಾಣತನದ್ದೆಂದೇ ನನಗನಿಸುತ್ತದೆ. ಬೇಸಿಗೆಯ ರಾತ್ರಿಗಳಲ್ಲಿ ದಕ್ಷಿಣದಿಂದ ಉತ್ತರಕ್ಕೆ ಸಾಗುವ ಪಾಸ್‌ಗಳಲ್ಲಿ (ಪಾಸ್ ಎಂದರೆ ಉಪಗ್ರಹ ದಿಗಂತದಿಂದ ಮೇಲೆದ್ದು ಮತ್ತೆ ಮುಳುಗುವವರೆಗಿನ ಒಂದು ಹಾಯುವಿಕೆ) ಅದು ನೆರಳಿನಲ್ಲೇ ಉದಯಿಸುತ್ತಿದ್ದುದರಿಂದ, ಮುದ್ರಣದಲ್ಲಿ ಮೊದಲು ಬರೀ ಗದ್ದಲವಿದ್ದು, ನಡುವೆ ಒಮ್ಮೆಲೇ 145.870 ಮೆಗಾಹರ್ಟ್ಸ್‌ನ ಟೆಲಿಮೆಟ್ರಿಯ (ಉಪಗ್ರಹ ತನ್ನ ಅಳತೆಗಳನ್ನು ಕಳಿಸುವ ಸಂಕೇತದ) ಒರಟು ಸದ್ದು ಎದ್ದುಬರುತ್ತದೆ. ನೆರಳಿನಿಂದ ಹೊರಬಿದ್ದ ಎಷ್ಟು ಹೊತ್ತಿಗೆ ಈ ಸದ್ದು ಆರಂಭವಾಗುತ್ತದೆ ಎಂಬುದನ್ನು ಅಳೆಯುವುದೇ ನನ್ನ ಗುರಿ.

ಅಂದಿನ ಕಂಪ್ಯೂಟರಿನ ಗಡಿಯಾರವನ್ನು ನಂಬುವಂತಿಲ್ಲ. ಆದರೆ ಉಪಗ್ರಹ ಅತಿ ಸಮೀಪಕ್ಕೆ ಬಂದ ಕ್ಷಣ ಡಾಪ್ಲರ್ ವಕ್ರರೇಖೆಯಲ್ಲೇ, ಅಂದರೆ ಉಪಗ್ರಹ ಹತ್ತಿರ ಬಂದು ದೂರ ಸರಿಯುವಾಗ ಆವರ್ತನ ಬದಲಾಗುವ ರೇಖೆಯಲ್ಲೇ, ಅಡಗಿರುತ್ತದೆ; ಆ ಕ್ಷಣದಿಂದ ಹಿಂದಕ್ಕೆ ಎಣಿಸಿದರೆ ಗಡಿಯಾರದ ದೋಷವೂ, ಹಳೆಯ ಕಕ್ಷಾ ದತ್ತಾಂಶದ ಕಾಲದೋಷದ ಬಹುಪಾಲೂ ಒಟ್ಟಿಗೇ ಕಳಚಿಕೊಳ್ಳುತ್ತವೆ. ಒಂದು ಪಾಸ್‌ನಲ್ಲಿ ಆವರ್ತನ ಸುಮಾರು 3.3 ಕಿಲೋಹರ್ಟ್ಸ್ ಮೇಲಿನಿಂದ ಅಷ್ಟೇ ಕೆಳಕ್ಕೆ ಜಾರುತ್ತಿದ್ದುದರಿಂದ ರಿಸೀವರಿನ ಗುಂಡಿಯನ್ನು ಕೈಯಿಂದಲೇ ತಿರುಗಿಸುತ್ತಿದ್ದೆ. ಪ್ರತಿ ತಿರುವೂ ಸ್ಪೆಕ್ಟ್ರೋಗ್ರಾಮಿನಲ್ಲಿ (ಕಾಲಕ್ಕೆ ತಕ್ಕಂತೆ ಆವರ್ತನಗಳನ್ನು ತೋರಿಸುವ ಚಿತ್ರದಲ್ಲಿ) ಮೆಟ್ಟಿಲಿನಂತೆ ಕಾಣಿಸುವುದರಿಂದ, ಆ ಮೆಟ್ಟಿಲುಗಳನ್ನು ಜೋಡಿಸಿ ಅಖಂಡ ರೇಖೆಯಾಗಿಸುವುದಕ್ಕೇ ಹೆಚ್ಚಿನ ಸಮಯ ಹಿಡಿಯಿತು. ಆ ಕೆಲಸ ಈಗ ಮುಗಿದಿದೆ.

ನಿರೀಕ್ಷಿಸಿದಂತೆ ಸದ್ದು, ಉಪಗ್ರಹ ನೆರಳಿನಿಂದ ಹೊರಬೀಳಬೇಕಾದ ಲೆಕ್ಕಾಚಾರದ ಕ್ಷಣಕ್ಕಿಂತ ತುಸು ತಡವಾಗಿಯೇ ಬರುತ್ತದೆ, ಮತ್ತು ಆ ವಿಳಂಬ ಪಾಸ್‌ನಿಂದ ಪಾಸ್‌ಗೆ ಬದಲಾಗುತ್ತದೆ. ಅರೆನೆರಳನ್ನು (ಸೂರ್ಯ ಭಾಗಶಃ ಮಾತ್ರ ಕಾಣುವ ನೆರಳಿನ ಅಂಚನ್ನು) ದಾಟಲು ಹಿಡಿಯುವುದು ಕೆಲವೇ ಸೆಕೆಂಡು; ಕಂಪ್ಯೂಟರ್ ಚಾಲೂ ಆಗುವ ಅವಧಿ ಹೆಚ್ಚುಕಡಿಮೆ ಸ್ಥಿರವಾಗಿರಬೇಕು. ಈ ಬದಲಾವಣೆಗೆ ಕಾರಣವಾಗಿ ಉಳಿಯುವುದು, ಉರುಳುತ್ತಿದ್ದ ಉಪಗ್ರಹದ ಫಲಕಗಳು ಆ ಹೊತ್ತಿಗೆ ಸೂರ್ಯನತ್ತ ಯಾವ ಕೋನದಲ್ಲಿದ್ದವು ಎಂಬುದು. ಹಾಗಾಗಿ ಅತಿ ಕಡಿಮೆ ವಿಳಂಬದ ಪಾಸ್‌ಗಳನ್ನು ಆಯ್ದು, ಅವುಗಳ ಮೊದಲ ಟೆಲಿಮೆಟ್ರಿ ಚೌಕಟ್ಟುಗಳನ್ನು (ಒಂದೊಂದು ಸಲಕ್ಕೆ ಬರುವ ದತ್ತಾಂಶದ ಕಂತುಗಳನ್ನು) ಬಿಡಿಸಿ, ಸೌರಫಲಕಗಳ ವಿದ್ಯುತ್ ಪ್ರವಾಹದೊಂದಿಗೆ ತಾಳೆ ನೋಡುವುದು ಮುಂದಿನ ಹಂತ.